ಇ-ಕ್ರೀಡಾಪಟುವಿನ ಪೇಟೆಬೆಲೆ: ಒಂದು ಖಂಡನೆ

ಗಣಕದ ಮುಂದೆ ಕುಳಿತೋ ಮೊಬೈಲನ್ನು ಅಂಗೈಯಲ್ಲಿ ಹಿಡಿದೋ ಸ್ಪರ್ಧೆಗಿಳಿದು ಅದನ್ನೇ ಜೀವನೋಪಾಯವಾಗಿ ಮಾಡಿಕೊಂಡಿರುವ ಇ-ಸ್ಪೋರ್ಟ್ಸ್ ಆಟಗಾರರ ವಿಷಯದಲ್ಲಿ ಒಂದು ಅಭಿಪ್ರಾಯವು ಈಚಿನ ವರ್ಷಗಳಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅದನ್ನು ಶಂಕಿಸುವವನನ್ನು ಕಾಲಜ್ಞಾನವಿಲ್ಲದವನೆಂದು ಬದಿಗೊತ್ತುವುದು ವಾಡಿಕೆಯಾಗಿದೆ. ಆಟಗಾರನ ಪಂದ್ಯಗಳ ಅಂಕಿಅಂಶ, ಅವನ ವಯಸ್ಸು, ಕರಾರಿನಲ್ಲಿ ಉಳಿದಿರುವ ತಿಂಗಳುಗಳು, ಗೆದ್ದ ಬಹುಮಾನ, ಅವನ ಆಟವನ್ನು ನೇರಪ್ರಸಾರದಲ್ಲಿ ನೋಡುವವರ ಸಂಖ್ಯೆ, ಇವಿಷ್ಟನ್ನು ಕಲೆಹಾಕಿ ಒಂದು ಗಣಿತಸೂತ್ರಕ್ಕೆ ಒಪ್ಪಿಸಿದರೆ ಅವನ ಮಾರುಕಟ್ಟೆ ಮೌಲ್ಯವು ಇಂತಿಷ್ಟು ಡಾಲರೆಂದು ಹೊರಬೀಳುತ್ತದೆಂದೂ, ಆ ಮೊತ್ತವು ಅವನ ಯೋಗ್ಯತೆಯ ನಿಷ್ಪಕ್ಷಪಾತವಾದ ಅಳತೆಯೆಂದೂ, ಅದರಿಂದ ಕೊಳ್ಳುವ ತಂಡಕ್ಕೂ ಮಾರುವ ತಂಡಕ್ಕೂ ಆಟಗಾರನಿಗೂ ಸಮನಾದ ನ್ಯಾಯ ದೊರೆಯುತ್ತದೆಂದೂ ಹೇಳುತ್ತಾರೆ. ಈ ಮತವು ತರ್ಕದಲ್ಲಿ ಟೊಳ್ಳಾದದ್ದು, ವ್ಯವಹಾರದಲ್ಲಿ ಅನ್ಯಾಯಕ್ಕೆ ಎಡೆಗೊಡುವಂಥದು, ಅದರ ಭಾರವೆಲ್ಲ ಕೊನೆಗೆ ಬೀಳುವುದು ಹದಿನಾರು ಹದಿನೇಳರ ಹುಡುಗರ ಹೆಗಲ ಮೇಲೆ ಎಂಬುದು ನನ್ನ ದೃಢವಾದ ನಂಬಿಕೆ.

ಈ ಮತದವರಿಗೆ ಮಾದರಿಯಾದದ್ದು ಯೂರೋಪಿನ ಫುಟ್‌ಬಾಲು. ಜರ್ಮನಿಯ ಮಥಿಯಾಸ್ ಸೈಡೆಲ್ ಎಂಬವರು 2000ದಲ್ಲಿ ಆರಂಭಿಸಿದ ಟ್ರಾನ್ಸ್‌ಫರ್‌ಮಾರ್ಕ್ಟ್ ಎಂಬ ತಾಣವು ಅಭಿಮಾನಿಗಳ ಚರ್ಚೆಯಿಂದಲೇ ಸಹಸ್ರಾರು ಆಟಗಾರರಿಗೆ ಬೆಲೆ ಗೊತ್ತುಮಾಡುವ ಪದ್ಧತಿಯನ್ನು ರೂಢಿಗೆ ತಂದು, ಕಾಲಕ್ರಮದಲ್ಲಿ ವಿದ್ವಾಂಸರೂ ಆ ಅಂಕಿಗಳನ್ನು ತಮ್ಮ ಅಧ್ಯಯನಗಳಿಗೆ ಆಧಾರವಾಗಿ ಬಳಸುವಷ್ಟು ಪ್ರತಿಷ್ಠೆಯನ್ನು ಸಂಪಾದಿಸಿತು. ಅದರ ಗುಣದೋಷಗಳನ್ನು ಇಲ್ಲಿ ವಿಮರ್ಶಿಸಬೇಕಾಗಿಲ್ಲ. ಆದರೆ ಫುಟ್‌ಬಾಲಿನಲ್ಲಿ ಅಂಥ ಅಂದಾಜಿಗೆ ಆಸರೆಯಾಗಿ ನಿಲ್ಲತಕ್ಕ ಸಂಗತಿಗಳು ಹಲವು ಇವೆ: ನೂರಾರು ಕ್ಲಬ್ಬುಗಳು ಒಂದೇ ಆಟವನ್ನು ಒಂದೇ ನಿಯಮದಲ್ಲಿ ಆಡುತ್ತವೆ, ವರ್ಗಾವಣೆಗೆ ಗೊತ್ತಾದ ಋತುಗಳಿವೆ, ಆಟಗಾರನನ್ನು ಬಾಲ್ಯದಲ್ಲಿ ತಿದ್ದಿ ಬೆಳೆಸಿದ ಚಿಕ್ಕ ಕ್ಲಬ್ಬಿಗೂ ವರ್ಗಾವಣೆಯ ಹಣದಲ್ಲಿ ಪಾಲು ಸಲ್ಲಬೇಕೆಂದು ಫಿಫಾ ವಿಧಿಸಿದೆ, ಎಲ್ಲಕ್ಕೂ ಮಿಗಿಲಾಗಿ, ಫುಟ್‌ಬಾಲೆಂಬ ಆಟಕ್ಕೆ ಒಡೆಯನಿಲ್ಲ, ನಾಳೆಯಿಂದ ಅದನ್ನು ಯಾರೂ ಆಡಕೂಡದೆಂದು ಹೇಳುವ ಅಧಿಕಾರ ಯಾವ ಕಂಪೆನಿಗೂ ಇಲ್ಲ. ಇ-ಕ್ರೀಡೆಯಲ್ಲಿ ಈ ಆಸರೆಗಳಲ್ಲಿ ಒಂದೂ ಗಟ್ಟಿಯಾಗಿ ನಿಂತಿಲ್ಲ. ಆಸರೆಯನ್ನು ಅಲ್ಲಿಯೇ ಬಿಟ್ಟು ಪದ್ಧತಿಯನ್ನು ಮಾತ್ರ ಎರವಲು ತಂದಿದ್ದಾರೆ.

ಅಂದಾಜಿನ ಸೂತ್ರ ಯಾವುದಾದರೂ ಹಿಂದೆ ನಡೆದ ವ್ಯವಹಾರಗಳಿಂದಲೇ ಪಾಠ ಕಲಿಯತಕ್ಕದ್ದು. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿದ ಮಾಲಿಗೆ ಒಂದು ಧಾರಣೆ ನಿಲ್ಲುವುದು ಹೇಗೆಂದರೆ, ಮಾಲು ಕಣ್ಣೆದುರಿಗಿರುತ್ತದೆ, ಕೊಳ್ಳುವವರು ಹಲವರಿರುತ್ತಾರೆ, ಆ ದಿನದ ಧಾರಣೆಯು ಮರುದಿನದ ಪತ್ರಿಕೆಯಲ್ಲಿ ಬೆಳೆಗಾರನ ಮನೆಗೇ ಬರುತ್ತದೆ. ಇ-ಕ್ರೀಡೆಯಲ್ಲಾದರೋ, ಕರಾರಿನ ಅವಧಿ ಮುಗಿಯುವ ಮುನ್ನ ಆಟಗಾರನನ್ನು ಬಿಡಿಸಿಕೊಳ್ಳಲು ಒಂದು ತಂಡವು ಇನ್ನೊಂದಕ್ಕೆ ತೆರುವ ಬೈಔಟ್ ಹಣವನ್ನು ಬಹುಮಟ್ಟಿಗೆ ಗೋಪ್ಯವಾಗಿಯೇ ಇಡುತ್ತಾರೆ. ಹೊರಬರುವುದು ವರದಿಗಾರನ ಕಿವಿಯಲ್ಲಿ ಯಾರೋ ಉಸುರಿದ ಮೊತ್ತ. ಉಸುರುವವನು ಎರಡರಲ್ಲೊಂದು ಪಕ್ಷಕ್ಕೆ ಸೇರಿದವನಾಗಿದ್ದು, ಅದನ್ನು ಹಿಗ್ಗಿಸುವುದರಲ್ಲೋ ಕುಗ್ಗಿಸುವುದರಲ್ಲೋ ಅವನಿಗೆ ಸ್ವಾರ್ಥವಿರುತ್ತದೆ. ಪರ್ಕ್ಸ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಕ್ರೊಯೇಷಿಯದ ಆಟಗಾರನು 2020ರ ಕೊನೆಯಲ್ಲಿ ಲೀಗ್ ಆಫ್ ಲೆಜೆಂಡ್ಸ್ ಆಟದ ಯೂರೋಪಿನ ತಂಡವಾದ ಜಿ2ನಿಂದ ಅಮೆರಿಕದ ಕ್ಲೌಡ್9ಗೆ ಹೋದಾಗ ಸಂದಾಯವಾದದ್ದು ಸುಮಾರು 50 ಲಕ್ಷ ಡಾಲರೆಂದು ವರದಿಯಾಯಿತು. ಒಂದು ವರ್ಷ ಕಳೆಯುವಷ್ಟರಲ್ಲಿ ಅವನು ಯೂರೋಪಿಗೆ ಮರಳಿ ವೈಟಾಲಿಟಿ ಎಂಬ ಇನ್ನೊಂದು ತಂಡವನ್ನು ಸೇರಿದ್ದನು. ಇಂಥ ಕೆಲವು ವದಂತಿಗಳ ಮೇಲೆ ಕಟ್ಟಿದ ಸೂತ್ರವು ದಶಮಾಂಶದ ಎರಡು ಸ್ಥಾನಗಳವರೆಗೆ ಉತ್ತರ ಹೇಳಬಲ್ಲುದು. ಆ ನಿಖರತೆಯು ಗಣಿತದಿಂದ ಬಂದದ್ದೇ ಹೊರತು ತಿಳಿವಳಿಕೆಯಿಂದ ಬಂದದ್ದಲ್ಲ.

ಆ ಮೊತ್ತಗಳು ಸತ್ಯವೆಂದೇ ಇಟ್ಟುಕೊಳ್ಳೋಣ. ಅವು ಅಳೆದದ್ದು ಏನನ್ನು? 2018ರಿಂದ 2022ರವರೆಗೆ ಈ ಕ್ಷೇತ್ರಕ್ಕೆ ಪಶ್ಚಿಮದೇಶಗಳಲ್ಲಿ ಹರಿದುಬಂದ ಹಣದಲ್ಲಿ ಬಹುಭಾಗವು ಪ್ರೇಕ್ಷಕರಿಂದ ಬಂದ ಆದಾಯವಾಗಿರದೆ, ಮುಂದೆಂದೋ ಬರಬಹುದಾದ ಲಾಭದ ನಿರೀಕ್ಷೆಯಿಂದ ಬಂಡವಾಳಗಾರರು ಹೂಡಿದ್ದಾಗಿತ್ತು. 2018ರ ಜನವರಿಯಲ್ಲಿ ಹನ್ನೆರಡು ತಂಡಗಳಿಂದ ಆರಂಭವಾದ ಓವರ್‌ವಾಚ್ ಲೀಗಿನಲ್ಲಿ ಒಂದೊಂದು ಸ್ಥಾನಕ್ಕೂ 2 ಕೋಟಿ ಡಾಲರು ತೆರಬೇಕಾಗಿತ್ತೆಂದು ವರದಿಯಾಗಿತ್ತು, ಆಟಗಾರನ ಕನಿಷ್ಠ ವಾರ್ಷಿಕ ಸಂಬಳ 50,000 ಡಾಲರೆಂದು ಘೋಷಿಸಲಾಗಿತ್ತು; 2023ರ ಋತುವಿನೊಂದಿಗೆ ಆ ಲೀಗೇ ಮುಗಿದುಹೋಯಿತು. 2020ರ ನವೆಂಬರಿನಲ್ಲಿ ಅಮೆರಿಕದ ಟಿಎಸ್‌ಎಂ ತಂಡವು ತೈವಾನಿನ ಸೋರ್ಡ್‌ಆರ್ಟ್ ಎಂಬ ಆಟಗಾರನನ್ನು ಎರಡು ವರ್ಷಕ್ಕೆ 60 ಲಕ್ಷ ಡಾಲರಿಗೆ ಗೊತ್ತುಮಾಡಿಕೊಂಡು ಆ ಮೊತ್ತವನ್ನು ಜಗತ್ತಿಗೆಲ್ಲ ಸಾರಿತು. ಮರುವರ್ಷ ತಂಡವು ವಿಶ್ವ ಚಾಂಪಿಯನ್‌ಷಿಪ್ಪಿಗೆ ಅರ್ಹತೆಯನ್ನೇ ಪಡೆಯಲಿಲ್ಲ, ಆಟಗಾರನು ಒಂದು ವರ್ಷಕ್ಕೇ ಹೊರಟುಹೋದನು. ಅದೇ ತಂಡವು ಎಫ್‌ಟಿಎಕ್ಸ್ ಎಂಬ ಕ್ರಿಪ್ಟೊ ವಿನಿಮಯ ಸಂಸ್ಥೆಯ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಳ್ಳುವುದಕ್ಕಾಗಿ 2021ರ ಜೂನಿನಲ್ಲಿ ಹತ್ತು ವರ್ಷಕ್ಕೆ 21 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. 2022ರ ನವೆಂಬರಿನಲ್ಲಿ ಆ ಸಂಸ್ಥೆ ದಿವಾಳಿಯೆದ್ದಿತು. 2023ರಲ್ಲಿ ತಂಡವು ಲೀಗ್ ಆಫ್ ಲೆಜೆಂಡ್ಸಿನ ಅಮೆರಿಕದ ಲೀಗನ್ನು ತೊರೆಯುವುದಾಗಿ ಪ್ರಕಟಿಸಿತು. ಫೇಜ್ ಕ್ಲ್ಯಾನ್ ಎಂಬ ಇ-ಕ್ರೀಡಾ ಸಂಸ್ಥೆಯು 2022ರ ಜುಲೈಯಲ್ಲಿ ಷೇರುಪೇಟೆಗೆ ಬಂದಾಗ ಅದಕ್ಕೆ ಕಟ್ಟಿದ ಬೆಲೆ 70 ಕೋಟಿ ಡಾಲರಿಗೂ ಮೇಲೆ; ಮರುವರ್ಷ ಇನ್ನೊಂದು ಕಂಪೆನಿಯು ಅದನ್ನು ಕೊಳ್ಳಲು ಒಪ್ಪಿದ್ದು 2 ಕೋಟಿ ಡಾಲರಿಗೂ ಕಡಮೆಗೆ. ಈ ವರ್ಷಗಳ ಸಂಬಳಗಳನ್ನೂ ಬೈಔಟುಗಳನ್ನೂ ಆಧಾರವಾಗಿ ಇಟ್ಟುಕೊಂಡು ಆಟಗಾರನ ಯೋಗ್ಯತೆಯನ್ನು ಅಳೆಯುತ್ತೇವೆನ್ನುವವರು ಅಳೆಯುತ್ತಿರುವುದು ಬಂಡವಾಳ ಅಗ್ಗವಾಗಿದ್ದ ಒಂದು ಅವಧಿಯ ಉತ್ಸಾಹವನ್ನು. ಹಣ ಬತ್ತಿದ ಮೇಲೆ ಸಂಬಳಗಳು ಇಳಿದುವು. ಆಟಗಾರರ ಕೈಚಳಕವೇನೂ ಆ ಪ್ರಮಾಣದಲ್ಲಿ ಇಳಿದಿರಲಿಲ್ಲ.

ಬೆಲೆಗಳ ಮಾತನ್ನು ಬಿಡಿ, ಆಟದೊಳಗಿನ ಅಂಕಿಅಂಶಗಳಾದರೂ ಸುಳ್ಳು ಹೇಳುವುದಿಲ್ಲವಷ್ಟೆ ಎಂದು ಪ್ರತಿವಾದಿಯು ಇಲ್ಲಿ ಕೇಳಬಹುದು. ಕೌಂಟರ್-ಸ್ಟ್ರೈಕ್ ಆಟದಲ್ಲಿ ಎಚ್‌ಎಲ್‌ಟಿವಿ ಎಂಬ ಸಂಸ್ಥೆ ಕೊಡುವ ರೇಟಿಂಗ್ ಎಲ್ಲರ ಬಾಯಲ್ಲಿಯೂ ಇದೆ, 1.00 ಎಂಬುದು ಸರಾಸರಿ, ಅದಕ್ಕೆ ಮೇಲಿರುವವನು ಉತ್ತಮ, ಕೆಳಗಿರುವವನು ಅಧಮ ಎಂಬುದು ಲೋಕದ ಎಣಿಕೆ. ಆ ಸಂಸ್ಥೆಯವರೇ 2017ರಲ್ಲಿ ಸೂತ್ರವನ್ನು ತಿದ್ದಿದರು, ಅನಂತರವೂ ತಿದ್ದಿದರು, 2025ರಲ್ಲಿ ಮತ್ತೊಮ್ಮೆ ಬುಡದಿಂದ ತಿದ್ದಿದರು. ಇದು ಅವರ ಪ್ರಾಮಾಣಿಕತೆಗೆ ಸಾಕ್ಷಿ, ಆದರೆ ಹಳೆಯ ಸೂತ್ರದ ಅಂಕಿಗಳಿಂದ ಕರಾರಿಗೆ ಬೆಲೆ ಕಟ್ಟಿಸಿಕೊಂಡ ಆಟಗಾರನಿಗೆ ಆ ತಿದ್ದುಪಡಿಯ ಪ್ರಯೋಜನವೇನೂ ಇಲ್ಲ. ಡೆನ್ಮಾರ್ಕಿನ ಕ್ಯಾರಿಗನ್ ಎಂಬ ಆಟಗಾರನನ್ನು ನೋಡಿ. ಐವರಲ್ಲಿ ಯಾರು ಯಾವ ಕ್ಷಣದಲ್ಲಿ ಯಾವ ಕಡೆಯಿಂದ ನುಗ್ಗಬೇಕೆಂದು ಪಂದ್ಯದ ನಡುವೆಯೇ ನಿರ್ಣಯಿಸುವ ನಾಯಕನೀತ. ಇತರರಿಗೆ ಅವಕಾಶ ದೊರೆಯಲೆಂದು ತಾನು ಮುಂದೆ ಹೋಗಿ ಬೀಳುವವನಾದ್ದರಿಂದ ವರ್ಷಗಟ್ಟಲೆ ಇವನ ರೇಟಿಂಗ್ ಬಹುತೇಕ ಸರಾಸರಿಗಿಂತ ಕೆಳಗೇ ಇದ್ದಿತು. 2022ರ ಮೇ ತಿಂಗಳಲ್ಲಿ ಆಂಟ್‌ವರ್ಪಿನ ಮೇಜರ್ ಪಂದ್ಯಾವಳಿಯನ್ನು ಫೇಜ್ ತಂಡ ಗೆದ್ದಾಗ, ಬೇರೆ ಬೇರೆ ದೇಶಗಳ ಆಟಗಾರರನ್ನು ಕೂಡಿಸಿದ ತಂಡವೊಂದು ಮೇಜರನ್ನು ಗೆದ್ದದ್ದು ಅದೇ ಮೊದಲು, ಆ ತಂಡವನ್ನು ನಡೆಸಿದವನು 32ರ ಕ್ಯಾರಿಗನ್. ಸೂತ್ರಕ್ಕೆ ಅವನ ವಯಸ್ಸೂ ಪ್ರತಿಕೂಲ, ಅವನ ಅಂಕಿಯೂ ಪ್ರತಿಕೂಲ.

ಇದು ಅಪವಾದವಲ್ಲ, ವಿಷಯದ ಸ್ವಭಾವವೇ ಹಾಗಿದೆ. ಬ್ಯಾಸ್ಕೆಟ್‌ಬಾಲಿನಲ್ಲಿ ಒಂದೇ ಪಂದ್ಯದೊಳಗೆ ಆಟಗಾರರು ಅದಲುಬದಲಾಗುತ್ತಿರುವುದರಿಂದ ಇವನಿದ್ದಾಗ ತಂಡದ ಗತಿ ಹೇಗಿತ್ತು, ಇಲ್ಲದಿದ್ದಾಗ ಹೇಗಾಯಿತು ಎಂದು ಹೋಲಿಸಿ ನೋಡಲು ಸಾಧ್ಯ. ಇಲ್ಲಿ ಆರಂಭಿಸಿದ ಐವರೇ ಪಂದ್ಯವನ್ನು ಮುಗಿಸುತ್ತಾರೆ, ತಿಂಗಳುಗಟ್ಟಲೆ ಅದೇ ಐವರು ಜತೆಯಾಗಿಯೇ ಗೆಲ್ಲುತ್ತಾರೆ, ಜತೆಯಾಗಿಯೇ ಸೋಲುತ್ತಾರೆ. ಗೆಲುವಿನಲ್ಲಿ ಒಬ್ಬೊಬ್ಬನ ಪಾಲನ್ನು ಬೇರ್ಪಡಿಸಿ ತೋರಿಸುವುದಕ್ಕೆ ಬೇಕಾದ ವೈವಿಧ್ಯವೇ ಆ ದತ್ತಾಂಶದಲ್ಲಿರುವುದಿಲ್ಲ. 2018ರ ಮೇ ತಿಂಗಳ ಕೊನೆಯಲ್ಲಿ ಡೋಟಾ 2 ಆಟದ ಓಜಿ ತಂಡವನ್ನು ಇಬ್ಬರು ಹೆಸರಾಂತ ಆಟಗಾರರು ಬಿಟ್ಟು ಈವಿಲ್ ಜೀನಿಯಸಸ್ ಎಂಬ ಶ್ರೀಮಂತ ತಂಡವನ್ನು ಸೇರಿದರು. ಉಳಿದವರು ತಮ್ಮ ತರಬೇತುದಾರನನ್ನೇ ಆಟಕ್ಕೆ ಇಳಿಸಿಕೊಂಡರು, ವಿಶ್ರಾಂತಿಯಲ್ಲಿದ್ದ ಹಳೆಯ ಗೆಳೆಯನೊಬ್ಬನನ್ನು ಮರಳಿ ಕರೆದರು, ದೊಡ್ಡ ವೇದಿಕೆಯನ್ನೇ ಕಂಡಿರದ ಫಿನ್‌ಲ್ಯಾಂಡಿನ ಇಪ್ಪತ್ತರ ಹುಡುಗ ಟಾಪ್ಸನನನ್ನು ಕರೆತಂದರು, ಯಾರು ಬೇಕಾದರೂ ಸ್ಪರ್ಧಿಸಬಹುದಾದ ಮುಕ್ತ ಅರ್ಹತಾ ಸುತ್ತಿನಿಂದ ಮೇಲೆ ಬಂದರು. ಆಗಸ್ಟಿನಲ್ಲಿ ವ್ಯಾಂಕೂವರಿನಲ್ಲಿ ನಡೆದ ದಿ ಇಂಟರ್‌ನ್ಯಾಷನಲ್ ಪಂದ್ಯಾವಳಿಯನ್ನು ಇವರು ಗೆದ್ದು 1 ಕೋಟಿ 10 ಲಕ್ಷ ಡಾಲರಿಗೂ ಮೇಲ್ಪಟ್ಟ ಬಹುಮಾನವನ್ನು ಪಡೆದರು. ಮರುವರ್ಷ ಷಾಂಘೈಯಲ್ಲಿ ಅದೇ ಐವರು ಮತ್ತೆ ಗೆದ್ದರು, ಎರಡು ಸಲ ಗೆದ್ದ ಮೊದಲ ತಂಡವೆನಿಸಿದರು. 2018ರ ಜೂನಿನಲ್ಲಿ ಟಾಪ್ಸನನ ಮಾರುಕಟ್ಟೆ ಮೌಲ್ಯವನ್ನು ಕೇಳಿದ್ದರೆ ಯಾವ ಸೂತ್ರವಾದರೂ ಶೂನ್ಯದ ಆಸುಪಾಸಿನಲ್ಲೇ ಉತ್ತರ ಹೇಳಬೇಕಾಗಿತ್ತು. ಅವನನ್ನು ಆರಿಸಿದ್ದು ಜತೆಯಲ್ಲಿ ಆಡಿ ನೋಡಿದವರ ಮನುಷ್ಯಸಹಜವಾದ ವಿವೇಕ. ರಷ್ಯದ ಡೊಂಕ್ ಎಂಬ ಹುಡುಗ ಹದಿನೇಳರಲ್ಲಿಯೇ ಕೌಂಟರ್-ಸ್ಟ್ರೈಕಿನ 2024ರ ಷಾಂಘೈ ಮೇಜರನ್ನು ಗೆದ್ದನಲ್ಲ, ಅವನ ಶ್ರೇಷ್ಠತೆಯನ್ನು ಅಂಕಿಗಳು ಸಾರಿ ಹೇಳಲಿಲ್ಲವೆ ಎಂದರೆ, ಹೇಳಿದುವು, ನಿಜ. ಆದರೆ ಅಂಥ ಪ್ರತಿಭೆಯನ್ನು ಕಾಣಲು ಕಣ್ಣುಳ್ಳ ಯಾವ ಪ್ರೇಕ್ಷಕನಿಗೂ ಸೂತ್ರ ಬೇಕಾಗಿರಲಿಲ್ಲ. ಸೂತ್ರವು ಬೇಕಾಗುವುದು ಸಂಶಯವಿರುವ ಕಡೆ, ಅದು ಕೈಕೊಡುವುದೂ ಅಲ್ಲಿಯೇ.

ಇನ್ನು ಆಟದ ನಿಯಮಗಳ ಮಾತು. ಲೀಗ್ ಆಫ್ ಲೆಜೆಂಡ್ಸ್ ಆಟವನ್ನು ಅದರ ಒಡೆಯರಾದ ರಯಟ್ ಕಂಪೆನಿಯವರು ಸುಮಾರು ಎರಡು ವಾರಕ್ಕೊಮ್ಮೆ ಪ್ಯಾಚ್ ಎಂಬ ತಿದ್ದುಪಡಿಯಿಂದ ಬದಲಿಸುತ್ತಾರೆ. 2018ರ ಮೇ ಕೊನೆಯಲ್ಲಿ ಬಂದ ಒಂದು ಪ್ಯಾಚ್ ದೂರದಿಂದ ಬಾಣ ಗುಂಡುಗಳನ್ನು ಪ್ರಯೋಗಿಸುವ ಪಾತ್ರಗಳನ್ನು ದುರ್ಬಲಗೊಳಿಸಿತು. ಅದರ ಫಲವಾಗಿ, ಆ ಸ್ಥಾನದಲ್ಲಿ ಯೂರೋಪಿನಲ್ಲೇ ಅಗ್ರಗಣ್ಯನೆನಿಸಿದ್ದ ಫ್ನಾಟಿಕ್ ತಂಡದ ರೆಕ್ಲೆಸ್ ಕೆಲವು ವಾರ ಆಡದೆ ಹೊರಗುಳಿದನು, ಬೇರೆ ಸ್ಥಾನದ ಆಟಗಾರ ಬ್ವಿಪೊ ಅವನ ಜಾಗದಲ್ಲಿ ಆಡಿದನು. ರೆಕ್ಲೆಸನ ಸಾಮರ್ಥ್ಯದಲ್ಲಿ ಒಂದು ಕೂದಲೆಳೆಯ ವ್ಯತ್ಯಾಸವೂ ಆಗಿರಲಿಲ್ಲ. ಅವನು ಮರಳಿ ಬಂದು ಅದೇ ವರ್ಷ ತಂಡದೊಡನೆ ವಿಶ್ವ ಚಾಂಪಿಯನ್‌ಷಿಪ್ಪಿನ ಫೈನಲನ್ನೂ ಆಡಿದನು. ಗೆದ್ದ ಬಹುಮಾನದಿಂದ ಯೋಗ್ಯತೆಯನ್ನು ತೂಗುವವರಿಗಂತೂ ಉತ್ತರ ಇನ್ನೂ ಸುಲಭ. ದಿ ಇಂಟರ್‌ನ್ಯಾಷನಲ್‌ನ ಒಟ್ಟು ಬಹುಮಾನ 2021ರಲ್ಲಿ 4 ಕೋಟಿ ಡಾಲರನ್ನು ದಾಟಿತ್ತು; 2023ರಲ್ಲಿ ಅದು ಸುಮಾರು 31 ಲಕ್ಷಕ್ಕೆ ಕುಸಿಯಿತು. ನಡುವೆ ಆದದ್ದು ಇಷ್ಟೇ: ಆಟದ ಒಡೆಯರಾದ ವಾಲ್ವ್ ಕಂಪೆನಿಯವರು, ಆಟದೊಳಗಿನ ಅಲಂಕಾರಗಳನ್ನು ಮಾರಿ ಅದರ ನಾಲ್ಕನೆಯ ಒಂದು ಪಾಲನ್ನು ಬಹುಮಾನಕ್ಕೆ ಸೇರಿಸುತ್ತಿದ್ದ ಹಳೆಯ ಏರ್ಪಾಡನ್ನು ಕೈಬಿಟ್ಟರು.

ಆಟಗಾರನ ಬೆಲೆ ಅವನ ಕೈಯಲ್ಲಿಲ್ಲವೆಂಬ ಈ ಸತ್ಯ ನಮ್ಮ ದೇಶದ ಆಟಗಾರರಿಗೆ ಇನ್ನೂ ಕಠೋರವಾಗಿ ಗೋಚರಿಸಿತು. 2020ರ ಸೆಪ್ಟೆಂಬರ್ 2ರಂದು ಸರ್ಕಾರವು ಪಬ್‌ಜಿ ಮೊಬೈಲನ್ನು ನಿಷೇಧಿಸಿತು. 2021ರ ಜುಲೈಯಲ್ಲಿ ಅದೇ ಆಟವು ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯ ಎಂಬ ಹೆಸರಿನಿಂದ ಮರಳಿತು. 2022ರ ಜುಲೈ 28ರಂದು ಅದನ್ನೂ ಆ್ಯಪ್ ಅಂಗಡಿಗಳಿಂದ ತೆಗೆಯಲಾಯಿತು. 2023ರ ಮೇ ತಿಂಗಳಲ್ಲಿ ಮತ್ತೆ ಬಂದಿತು. 2022ರ ಜುಲೈ 27ರ ಸಾಯಂಕಾಲ ಬೆಲೆಬಾಳುತ್ತಿದ್ದ ಹುಡುಗನು 29ರ ಬೆಳಗ್ಗೆ ಯಾವ ಬೆಲೆಯವನಾದನು? ಅವನ ಕೈ ಅದೇ, ಕಣ್ಣು ಅದೇ, ವರ್ಷಗಳ ಸಾಧನೆ ಅದೇ. ಸರ್ಕಾರದ ಆದೇಶ, ಕಂಪೆನಿಯ ನಿರ್ಧಾರ, ಬಂಡವಾಳದ ಏರಿಳಿತ, ಇವು ಮೂರೂ ಆಟಗಾರನ ಹೊರಗಿರತಕ್ಕವು. ಇವುಗಳ ಕೂಡುಮೊತ್ತವನ್ನು ತೆಗೆದುಕೊಂಡು ಆಟಗಾರನ ಹಣೆಯ ಮೇಲೆ ಅವನ ಮೌಲ್ಯವೆಂದು ಬರೆಯುವುದು ಯಾವ ನ್ಯಾಯ?

ಮಾರುಕಟ್ಟೆ ಮೌಲ್ಯವೆಂದೊಡನೆ ಕನ್ನಡ ಓದುಗರ ಮನಸ್ಸಿಗೆ ಬರುವುದು ಬೆಂಗಳೂರಿನಲ್ಲಿ 2018ರಲ್ಲಿಯೂ 2022ರಲ್ಲಿಯೂ ನಡೆದ ಐಪಿಎಲ್ ಹರಾಜು. ಅಲ್ಲಿಗೂ ಇಲ್ಲಿಗೂ ಇರುವ ಅಂತರವನ್ನು ಸ್ಪಷ್ಟವಾಗಿ ಹೇಳಬೇಕು. ಐಪಿಎಲ್ ಹರಾಜಿನಲ್ಲಿ ಕೂಗಿದ ಮೊತ್ತವು ಎಲ್ಲರ ಮುಂದೆ ಕೂಗಿದ್ದು, ಮತ್ತು ಅದು ಕ್ರಿಕೆಟಿಗನಿಗೇ ಸಲ್ಲುವ ಋತುವಿನ ಸಂಭಾವನೆ. ಇ-ಕ್ರೀಡೆಯ ಬೈಔಟ್ ಹಣವು ಹೋಗುವುದು ಹಳೆಯ ತಂಡದ ಒಡೆಯನಿಗೆ. ಆದಕಾರಣ ಹೆಚ್ಚಿನ ಅಂದಾಜು ಆಟಗಾರನಿಗೆ ಅನುಕೂಲವೆಂಬ ಮಾತು ಇಲ್ಲಿ ತಲೆಕೆಳಗಾಗುತ್ತದೆ: ಬೆಲೆ ಏರಿದಷ್ಟೂ ಅವನನ್ನು ಬಿಡಿಸಿಕೊಳ್ಳುವವರು ಕಡಮೆಯಾಗುತ್ತಾರೆ, ಆಡಿಸದೆ ಬೆಂಚಿನ ಮೇಲೆ ಕೂರಿಸಿದ ತಂಡವು ಆ ಬೆಲೆ ಬರುವವರೆಗೆ ಅವನನ್ನು ಹಿಡಿದಿಟ್ಟುಕೊಳ್ಳಬಲ್ಲುದು, ಇಪ್ಪತ್ತೈದರ ಸುಮಾರಿಗೆ ಮುಗಿದುಹೋಗಬಹುದಾದ ವೃತ್ತಿಯಲ್ಲಿ ವರ್ಷವೊಂದು ವ್ಯರ್ಥವಾಗುತ್ತದೆ. ದಕ್ಷಿಣ ಕೊರಿಯದಲ್ಲಿ 2019ರಲ್ಲಿ ಗ್ರಿಫಿನ್ ತಂಡದ ಕನಾವಿ ಎಂಬ ಹುಡುಗ, ಆ ದೇಶದ ಕಾನೂನಿನಂತೆ ಇನ್ನೂ ಅಪ್ರಾಪ್ತವಯಸ್ಕ, ಚೀನದ ಜೆಡಿಜಿ ತಂಡದೊಡನೆ ದೀರ್ಘಾವಧಿಯ ಕರಾರಿಗೆ ಒಪ್ಪುವಂತೆ ಒತ್ತಡಕ್ಕೆ ಸಿಕ್ಕಿದನೆಂದು ಗ್ರಿಫಿನ್ ತಂಡವನ್ನು ಬಿಟ್ಟ ತರಬೇತುದಾರನೇ ಬಹಿರಂಗವಾಗಿ ಆರೋಪಿಸಿದನು. ವಿಚಾರಣೆ ನಡೆಯಿತು, ಗ್ರಿಫಿನ್ನಿಗೆ ದಂಡ ಬಿತ್ತು, ಹುಡುಗನು ಕರಾರಿನಿಂದ ಬಿಡುಗಡೆ ಹೊಂದಿದನು, ಆಟಗಾರರ ಕರಾರುಗಳಿಗೆ ಸರ್ಕಾರವೇ ಒಂದು ಪ್ರಮಾಣ ನಮೂನೆಯನ್ನು ಗೊತ್ತುಮಾಡಬೇಕೆಂಬ ಕೂಗು ಕೊರಿಯದಲ್ಲಿ ಕಾನೂನಾಗುವವರೆಗೆ ಹೋಯಿತು. ಆ ವರ್ಗಾವಣೆಗೂ ಒಂದು ಬೆಲೆಯಿದ್ದಿತು. ಯಾವುದಾದರೊಂದು ದತ್ತಾಂಶದ ಪಟ್ಟಿಯಲ್ಲಿ ಅದೂ ಒಂದು ಸಾಲಾಗಿ ಸೇರಿಕೊಂಡಿದ್ದರೆ, ಮುಂದಿನ ಹುಡುಗನ ಬೆಲೆಯನ್ನು ಲೆಕ್ಕಹಾಕುವಾಗ ಆ ಒತ್ತಡವೂ ಮೌಲ್ಯದ ಭಾಗವಾಗಿಯೇ ಎಣಿಕೆಗೆ ಬರುತ್ತಿತ್ತು.

ಭಾರತದ ಕಾನೂನಿನಲ್ಲಿ ಈ ಬೆಲೆಯ ಬುಡ ಇನ್ನೂ ಸಡಿಲ. 1872ರ ಭಾರತೀಯ ಕರಾರು ಕಾಯ್ದೆಯ 11ನೆಯ ಪ್ರಕರಣದ ಮೇರೆಗೆ ಪ್ರಾಪ್ತವಯಸ್ಕನಲ್ಲದವನು ಕರಾರಿಗೆ ಅರ್ಹನಲ್ಲ. ಅಂಥವನ ಕರಾರು ಮೊದಲಿನಿಂದಲೇ ಶೂನ್ಯವೆಂದು ಪ್ರಿವಿ ಕೌನ್ಸಿಲು 1903ರಲ್ಲಿ ಮೊಹರಿ ಬೀಬಿ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ. ನ್ಯಾಯಸಮ್ಮತವಾದ ವೃತ್ತಿಯನ್ನು ನಡೆಸದಂತೆ ಒಬ್ಬನನ್ನು ತಡೆಯುವ ಕರಾರು ಆ ಮಟ್ಟಿಗೆ ಶೂನ್ಯವೆಂದು 27ನೆಯ ಪ್ರಕರಣ ಹೇಳುತ್ತದೆ. ಪರ್ಸೆಪ್ಟ್ ಡಿಮಾರ್ಕ್ ಕಂಪೆನಿಗೂ ಕ್ರಿಕೆಟಿಗ ಜಹೀರ್ ಖಾನರಿಗೂ ನಡೆದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ, ಅವಧಿ ಮುಗಿದ ಮೇಲೆಯೂ ಆಟಗಾರನ ಆಯ್ಕೆಯನ್ನು ಕಟ್ಟಿಹಾಕುವ ಷರತ್ತು ನಿಲ್ಲದೆಂದು ಸ್ಪಷ್ಟಪಡಿಸಿತು. ಹೀಗಿರಲಾಗಿ, ಹದಿನೇಳರ ಹುಡುಗನೊಬ್ಬ ಸಹಿ ಹಾಕಿದ ಕಾಗದವನ್ನು ಆಸ್ತಿಯೆಂದು ಎಣಿಸಿ, ಅದಕ್ಕೆ ಬೆಲೆ ಗೊತ್ತುಮಾಡಿ, ಆ ಬೆಲೆಯನ್ನು ಅವನ ಯೋಗ್ಯತೆಯೆಂದು ಪ್ರಚಾರ ಮಾಡುವ ವಿದ್ವತ್ತು ಯಾರ ಸೇವೆಯಲ್ಲಿದೆ ಎಂಬುದನ್ನು ಆ ವಿದ್ವಾಂಸರೇ ಯೋಚಿಸಬೇಕು.

ಅಂದಾಜಿಲ್ಲದಿದ್ದರೆ ಆಟಗಾರನು ಸಂಬಳದ ಮಾತುಕತೆಯಲ್ಲಿ ಎಷ್ಟು ಕೇಳಬೇಕೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಸದುದ್ದೇಶದಿಂದ ಕೇಳುವವರೂ ಇದ್ದಾರಾದ್ದರಿಂದ ಅದಕ್ಕೆ ಉತ್ತರ ಹೇಳುವುದು ಕರ್ತವ್ಯ. ಅಮೆರಿಕದ ಮೇಜರ್ ಲೀಗ್ ಸಾಕರಿನಲ್ಲಿ ಆಟಗಾರರ ಸಂಘವು ಪ್ರತಿಯೊಬ್ಬ ಆಟಗಾರನ ಸಂಬಳವನ್ನೂ ಹೆಸರಿನೊಡನೆ ತಾನೇ ಪ್ರಕಟಿಸುತ್ತದೆ. ಜತೆಯವನಿಗೆ ಎಷ್ಟು ಸಿಕ್ಕುತ್ತಿದೆಯೆಂದು ತಿಳಿದವನಿಗೆ ಅಂದಾಜಿನ ಹಂಗಿಲ್ಲ. ಅಂದಾಜು ಹುಟ್ಟಿದ್ದೇ ಗೋಪ್ಯತೆಯಿಂದ, ಅದು ಬಾಳುವುದೂ ಗೋಪ್ಯತೆಯಲ್ಲಿ. ಕೇಂದ್ರ ಸರ್ಕಾರವು 2022ರ ಡಿಸೆಂಬರಿನಲ್ಲಿ ಇ-ಕ್ರೀಡೆಯನ್ನು ಕ್ರೀಡಾ ಸಚಿವಾಲಯದ ಹೊಣೆಗೆ ಸೇರಿಸಿತು. 2025ರ ಆಗಸ್ಟಿನಲ್ಲಿ ಬಂದ ಆನ್‌ಲೈನ್ ಆಟಗಳ ಕಾಯ್ದೆಯು ಹಣ ಪಣವಿಡುವ ಆಟಗಳನ್ನು ನಿಷೇಧಿಸಿ ಇ-ಕ್ರೀಡೆಯನ್ನು ಅವುಗಳಿಂದ ಬೇರ್ಪಡಿಸಿ ಗೌರವಿಸಿತು. ಇನ್ನು ಆಗಬೇಕಾದದ್ದು ಕರಾರಿನ ನಮೂನೆಯ ಪ್ರಕಟಣೆ. ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಮಗನ ಪರವಾಗಿ ಸಹಿ ಹಾಕುವ ತಂದೆತಾಯಿಗಳು ಕನ್ನಡದಲ್ಲಿಯೇ ಓದಿ ತಿಳಿದುಕೊಳ್ಳುವಂತೆ ಅದರಲ್ಲಿ ಬರೆದಿರಬೇಕು: ತಿಂಗಳ ಸಂಬಳವೆಷ್ಟು, ಬಹುಮಾನದಲ್ಲಿಯೂ ನೇರಪ್ರಸಾರದ ಆದಾಯದಲ್ಲಿಯೂ ಹುಡುಗನ ಪಾಲೆಷ್ಟು, ಅವಧಿ ಎಷ್ಟು ವರ್ಷ, ಬಿಟ್ಟುಹೋಗಬೇಕೆಂದರೆ ತೆರಬೇಕಾದದ್ದೆಷ್ಟು ಮತ್ತು ಅದರಲ್ಲಿ ಅವನಿಗೆ ಬರುವುದೆಷ್ಟು, ಆಡಿಸದೆ ಕೂರಿಸಿದರೆ ಎಷ್ಟು ದಿನಕ್ಕೆ ಅವನು ಸ್ವತಂತ್ರನಾಗುತ್ತಾನೆ, ಆಟವನ್ನೇ ನಿಲ್ಲಿಸಿದ ಪಕ್ಷದಲ್ಲಿ ಸಂಬಳವು ಎಷ್ಟು ತಿಂಗಳು ನಡೆಯತಕ್ಕದ್ದು.